ವಿಜಯಪುರದಿಂದ ಬೆಂಗಳೂರಿನ ಓರಿಯೆಂಟೇಶನ್‌ಗೆ: ರೈಲೋ, ಬಸ್ಸೋ?

ಪ್ರಶ್ನೆ:
ಅಕ್ಟೋಬರ್‌ನಲ್ಲಿ ಓದೋಕೆ ಜರ್ಮನಿಗೆ ಹೊರಟಿದ್ದೇನೆ. ಅದಕ್ಕೂ ಮುಂಚೆ ಬೆಂಗಳೂರಿನ ಎಂ.ಜಿ. ರಸ್ತೆ ಹತ್ತಿರ ಒಂದು ದಿನದ ಓರಿಯೆಂಟೇಶನ್ (ಹೊರಡೋ ಮುಂಚಿನ ಮಾಹಿತಿ ಸಭೆ) ಇದೆ, ಬೆಳಿಗ್ಗೆ 10ಕ್ಕೆ. ಅಪ್ಪ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತು ಅಂತಾರೆ. ಅವ್ವ ಸ್ಲೀಪರ್ ಬಸ್ಸೇ ಸರಿ ಅಂತಾಳೆ. ನಾನು ಇದುವರೆಗೆ ಹುಬ್ಬಳ್ಳಿ ದಾಟಿಲ್ಲ, ನಗಬೇಡಿ. ಯಾವುದರಲ್ಲಿ ಹೋಗಲಿ?

ಉತ್ತರ 1:
ತಂಗಿ, ರೈಲು ಬಾಗಲಕೋಟೆ, ಗದಗ, ಹುಬ್ಬಳ್ಳಿ ಸುತ್ತಿ ಹೋಗುತ್ತದೆ. ಬಸ್ಸು ಹೊಸಪೇಟೆ, ಚಿತ್ರದುರ್ಗದ ಮೇಲೆ ಹೋಗುತ್ತದೆ, ಬೇಗ ಮುಟ್ಟುತ್ತದೆ. ಮುಟ್ಟಿದರೆ! ನಾನು ಹೋದಾಗ ಚಿತ್ರದುರ್ಗದ ಹತ್ತಿರ ನಡುರಾತ್ರಿ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಡ್ರೈವರ್ ಸುಮ್ನೆ ಬೀಡಿ ಸೇದುತ್ತಾ ಕೂತಿದ್ದ. ನಾನು ಹಾಲ್ ಒಳಗೆ ಕಾಲಿಟ್ಟಾಗ ವೀಸಾ ವಿಷಯ ಮುಗಿದು ಟೀ ಬಿಸ್ಕೆಟ್ ಹಂಚುತ್ತಿದ್ದರು. ಅದಕ್ಕೇ ಹೇಳೋದು, ಯಾವುದರಲ್ಲಾದರೂ ಹೋಗು, ಹಿಂದಿನ ದಿನವೇ ಹೋಗು.

ಉತ್ತರ 2:
ಮೆಜೆಸ್ಟಿಕ್‌ನಲ್ಲಿ ಇಳಿದರೆ ಆಟೋದವರ ಜೊತೆ ಜಗಳ ಬೇಡ. ನೇರಳೆ ಮೆಟ್ರೊ ನೇರ ಎಂ.ಜಿ. ರಸ್ತೆಗೆ ಹೋಗುತ್ತದೆ, ನಡುವೆ ಬದಲಾಯಿಸೋದು ಇಲ್ಲ. ಪಾಸ್‌ಪೋರ್ಟ್, ಅಡ್ಮಿಷನ್ ಪತ್ರ ಹೆಗಲ ಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಯಲ್ಲಿ ಅಲ್ಲ.

ಇನ್ನೊಂದು, ಕುಂದಾ, ಪೇಡಾ ಜರ್ಮನಿಗೆ ಒಯ್ಯುವಂತಿಲ್ಲ. ಯುರೋಪ್ ಒಕ್ಕೂಟದ ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರೋದಕ್ಕೆ ಅಲ್ಲಿ ನಿಷೇಧ ಇದೆ. ಇದು ಗೊತ್ತಾದಾಗ ನಮ್ಮವ್ವ ಎರಡು ದಿನ ಮಾತಾಡಲಿಲ್ಲ.

ಪ್ರಶ್ನೆ ಕೇಳಿದವಳು:
ಅಯ್ಯೋ, ಅವ್ವ ಕುಂದಾಕ್ಕೆ ಆಗಲೇ ಬೆಳಗಾವಿಗೆ ಹೇಳಿಬಿಟ್ಟಿದ್ದಾಳೆ! ಹಿಂದಿನ ದಿನದ ರೈಲಿಗೆ ಟಿಕೆಟ್ ಮಾಡಿಸಿದೆ. ಶೇಂಗಾ ಚಟ್ನಿ ನಡೀತದೆ ಅಲ್ವಾ?

ಉತ್ತರ 2:
ನಡೀತದೆ. ಎಣ್ಣೆ ಸೋರದಂತೆ ಕಟ್ಟು.