ಅಪ್‌ಡೇಟ್: ನುಡಿ ಟೈಪಿಂಗ್ ಕೈಗೆ ಹತ್ತಿತು

ಹೊಸ ಕೆಲಸಕ್ಕೆ ಸೇರುವ ಮುಂಚೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿಯಬೇಕು, ಮಗು ಮಲಗಿದ ಮೇಲೆ ಅರ್ಧ ಗಂಟೆ ಅಷ್ಟೇ ಸಿಗುತ್ತದೆ, ಹೇಗೆ ಅಂತ ಕೇಳಿದ್ದೆ. ಕಲಿತೆ! ಎಲ್ಲಾ ಕೀಗಳನ್ನು ಬಾಯಿಪಾಠ ಮಾಡಬೇಡಿ, ಮೊದಲು ಒತ್ತಕ್ಷರ ಹಿಡಿಯಿರಿ ಅಂದವರ ಮಾತೇ ಕೆಲಸಕ್ಕೆ ಬಂತು. ನುಡಿಯಲ್ಲಿರುವುದು ಕೆ. ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ, ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀ. ಎ, ಎಂ, ಎಫ್, ಎಂ ಒತ್ತಿದರೆ ‘ಅಮ್ಮ’. ಎಫ್ ಎಡಗೈ ತೋರುಬೆರಳಿನ ಕೆಳಗೇ ಇರುತ್ತದೆ ಅಲ್ವಾ, ಕೆಳಗೆ ನೋಡುವುದೇ ಬೇಡ. ಆಮೇಲೆ ಸುಮ್ನೆ ಪದಗಳನ್ನು ಹೊಡೆಯದೆ, ಕಚೇರಿಯಲ್ಲಿ ನಿಜಕ್ಕೂ ಬೇಕಾಗುವ ‘ಮಾನ್ಯರೆ’, ‘ವಿಷಯ’ ಇರುವ ಅರ್ಜಿಗಳನ್ನೇ ಟೈಪ್ ಮಾಡುತ್ತಾ ಹೋದೆ, ವೇಗ ತಾನಾಗೇ ಬಂತು. ಅರ್ಕಾವತ್ತು ಮಾತ್ರ ಇನ್ನೂ ನಿಧಾನ. ಮೊನ್ನೆ ಕಚೇರಿಯಲ್ಲಿ ಎರಡು ಪುಟದ ಪತ್ರ ಒಬ್ಬಳೇ ಮುಗಿಸಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.