ಕಾರ್ ಶೆಡ್ಡಿನಲ್ಲಿ ಮೀನಿನ ವಾಸನೆ: ಎಲೆಕ್ಟ್ರಿಕ್ ಕಾರು ಚಾರ್ಜಿಂಗ್ ಬಗ್ಗೆ ಎಲೆಕ್ಟ್ರಿಷಿಯನ್ ಉತ್ತರ

ಪ್ರಶ್ನೆ (ಕ್ಯಾತ್ಸಂದ್ರ, ತುಮಕೂರು): ಅಣ್ಣಾ, ಮಗ ನಾಲ್ಕು ತಿಂಗಳ ಹಿಂದೆ ಎಲೆಕ್ಟ್ರಿಕ್ ಕಾರು ತಂದ. ಜೊತೆಗೆ ಬಂದ 3.3 ಕಿಲೋವ್ಯಾಟ್ ಚಾರ್ಜರನ್ನು ಶೆಡ್ಡಿನ 15 ಆಂಪ್ ಸಾಕೆಟ್ಟಿಗೆ ಹಾಕಿ ರಾತ್ರಿಯಿಡೀ ಬಿಡುತ್ತಾನೆ. ಒಂದು ವಾರದಿಂದ ರಾತ್ರಿ ಹೊತ್ತು ಅಲ್ಲಿ ಮೀನಿನ ವಾಸನೆ. ನಮ್ಮನೇಲಿ ಮೀನು ಮಾಡಲ್ಲ. ಬೆಕ್ಕು ತಂದು ಹಾಕಿರಬೇಕು ಅಂತ ನಮ್ಮ ಯಜಮಾನರು ಶೆಡ್ಡೆಲ್ಲ ತೊಳೆಸಿದರು. ನಿನ್ನೆ ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ ಸುತ್ತ ಕಂದು ಬಣ್ಣ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಮಾತ್ರ ಒಂದು ಸಲವೂ ಬಿದ್ದಿಲ್ಲ. ಕಾರಿಗೆ ಬೆಂಕಿ ಬೀಳುತ್ತಾ?

ಉತ್ತರ: ಅಕ್ಕಾ, ಮೊದಲು ಆ ಸಾಕೆಟ್ಟಿನ ಎಂಸಿಬಿ ಇಳಿಸಿ. ಅಲ್ಲಿ ಇನ್ನು ಚಾರ್ಜ್ ಬೇಡ. ಬೆಕ್ಕಿನದೇನೂ ತಪ್ಪಿಲ್ಲ. ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ ಕಾದು ಬೇಯುವಾಗ ಎಷ್ಟೋ ಸಲ ಹೀಗೇ ಮೀನಿನ ವಾಸನೆ ಬರುತ್ತದೆ.

ಎಲ್ಲರೂ ಬ್ಯಾಟರಿಗೆ ಹೆದರುತ್ತಾರೆ. ನಾನು ಮೊದಲು ನೋಡುವುದು ಗೋಡೆಯ ಸಾಕೆಟ್. ಇಂಥದ್ದೇ ಸಾಕೆಟ್ಟಿಗೆ ಹಾಕುವ ಗೀಸರ್ ನೀರು ಕಾದ ಮೇಲೆ ತಾನೇ ನಿಲ್ಲುತ್ತದೆ. ನಿಮ್ಮ ಚಾರ್ಜರ್ 14 ಆಂಪ್ ಹತ್ತಿರ ಎಳೆಯುತ್ತದೆ. 30 ಯೂನಿಟ್ ಬ್ಯಾಟರಿ ಖಾಲಿಯಿಂದ ತುಂಬಬೇಕಾದರೆ ಒಂಬತ್ತು ಗಂಟೆ ಬಿಡುವಿಲ್ಲದೆ ಎಳೆಯಬೇಕು. ಅಷ್ಟರಲ್ಲಿ ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸ್ವಲ್ಪ ಸಡಿಲವಾಗಿದ್ದರೂ ಕಥೆ ಶುರು. ಆ ಜಾಗದಲ್ಲಿ ಬರೀ 0.1 ಓಂ ತಡೆ ಇದ್ದರೆ ಸುಮಾರು 20 ವ್ಯಾಟ್ ಶಾಖ. ಮೊಬೈಲ್ ರಿಪೇರಿಯವರು ಇಟ್ಟುಕೊಳ್ಳುವ ಸಾಲ್ಡರಿಂಗ್ ಐರನ್ 25 ವ್ಯಾಟಿಂದು. ಅಂಥದ್ದೊಂದನ್ನು ರಾತ್ರಿಯಿಡೀ ಗೋಡೆಯೊಳಗೆ ಇಟ್ಟ ಹಾಗೆ.

ಎಂಸಿಬಿ ಯಾಕೆ ಬೀಳಲಿಲ್ಲ ಅಂದ್ರೆ, ಕರೆಂಟ್ ಜಾಸ್ತಿಯಾಗಲೇ ಇಲ್ಲವಲ್ಲ. ಅದಕ್ಕೆ ಕಾಣುವುದು ಆಂಪ್ ಮಾತ್ರ, ಸಾಕೆಟ್ಟಿನ ಬಿಸಿ ಕಾಣಲ್ಲ. ಆರ್‌ಸಿಸಿಬಿ ಇದ್ದಿದ್ದರೂ ಇದಕ್ಕೆ ಬೀಳುತ್ತಿರಲಿಲ್ಲ. ಅದು ನೋಡುವುದು ಲೀಕೇಜ್, ಅಂದರೆ ಕರೆಂಟ್ ದಾರಿ ತಪ್ಪಿ ನೆಲಕ್ಕೋ ಮನುಷ್ಯರ ಮೈಗೋ ಹರಿಯುವುದು.

ಅದೇ ಅಕ್ಕ: ಸ್ಕ್ರೂ ಟೈಟ್ ಮಾಡಿಸಿದರೆ ಸಾಕಾಗಲ್ವಾ? ನಮ್ಮ ಹುಡುಗ ಬಾಕ್ಸ್ ಬಿಚ್ಚಿ ನೋಡಿದ. 2.5 ಸ್ಕ್ವೇರ್ (ಚದರ ಮಿಲಿಮೀಟರ್) ದಪ್ಪದ ವೈರ್ ಅಂತೆ, ಗೀಸರಿನ ಲೈನಿನಿಂದಲೇ ತಂದಿದ್ದಾರೆ. ಎಂಸಿಬಿ ಮೇಲೆ ಸಿ32 ಅಂತಿದೆ.

ಉತ್ತರ: ಸಾಕಾಗಲ್ಲ. ಒಂದು ಸಲ ಕಾದ ಪಟ್ಟಿಗೆ ಬಿಗಿ ಬರಲ್ಲ. ಸಾಕೆಟ್, ಪ್ಲಗ್ ಎರಡನ್ನೂ ಬದಲಾಯಿಸಬೇಕು. ಚಾರ್ಜರಿನ ಪ್ಲಗ್ ಕತ್ತರಿಸಿ ಬೇರೆ ಹಾಕಿಸಬೇಡಿ, ಸರ್ವಿಸ್ ಸೆಂಟರಿನಲ್ಲೇ ಬದಲಾಯಿಸಿ.

ನನಗೆ ಜಾಸ್ತಿ ಭಯ ಆ 32ರದ್ದು. ಅಂದರೆ ಆ ಎಂಸಿಬಿ 32 ಆಂಪ್ ದಾಟುವವರೆಗೆ ಬೀಳಲ್ಲ. ಮೊದಲು 16 ಇತ್ತೇನೋ. ಗೀಸರು, ಕಾರು ಒಟ್ಟಿಗೆ ಹಾಕಿದಾಗ ಬೀಳುತ್ತಿತ್ತು ಅಂತ ಯಾರೋ ದೊಡ್ಡದು ಹಾಕಿದ್ದಾರೆ. ಈಗ ಎರಡೂ ಸೇರಿ 23 ಆಂಪ್ ಎಳೆದರೆ ವೈರ್ ಕಾಯುತ್ತದೆ, ಎಂಸಿಬಿ ಸುಮ್ನೆ ಕೂತಿರುತ್ತದೆ.

ಮೀಟರ್ ಬೋರ್ಡಿನಿಂದ ಕಾರಿಗೆ ಪ್ರತ್ಯೇಕ ಲೈನ್ ಎಳೆಸಿ: 4 ಸ್ಕ್ವೇರ್ ತಾಮ್ರದ ವೈರ್, ನಡುವೆ ಜಾಯಿಂಟ್ ಇಲ್ಲ, 20 ಆಂಪ್ ಎಂಸಿಬಿ, 30 ಮಿಲಿಆಂಪಿನ ಟೈಪ್ ಎ ಆರ್‌ಸಿಸಿಬಿ. ಸಾಕೆಟ್ ಇಂಡಸ್ಟ್ರಿಯಲ್ ಆದರೆ ಒಳ್ಳೇದು. ಮುಂದೆ 7.2 ಕಿಲೋವ್ಯಾಟ್ ವಾಲ್ ಬಾಕ್ಸ್ (ಗೋಡೆಗೆ ಕೂರಿಸುವ ದೊಡ್ಡ ಚಾರ್ಜರ್) ಬೇಕಾದರೆ ಅದು 32 ಆಂಪ್, ಕನಿಷ್ಠ 6 ಸ್ಕ್ವೇರ್ ವೈರ್ ಬೇಕು. ಮನೆಗೆ 3 ಕಿಲೋವ್ಯಾಟ್ ಮಾತ್ರ ಮಂಜೂರಾಗಿದ್ದರೆ ಈಗಿನ ಚಾರ್ಜರಿಗೂ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಲೇಬೇಕು.

ಶಿರಾದಿಂದ ಒಬ್ಬರು: ಸರ್, ನಮ್ಮಲ್ಲಿ ಚಾರ್ಜರ್ ಕೆಂಪು ಲೈಟ್ ತೋರಿಸುತ್ತಿತ್ತು, ಅರ್ಥ್ ಇಲ್ಲ ಅಂತ. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿದ. ಲೈಟ್ ಹಸಿರಾಯಿತು. ಸರಿ ತಾನೇ?

ಉತ್ತರ: ತಮ್ಮಾ, ಈಗಲೇ ಮೇನ್ ಆಫ್ ಮಾಡಿ ಆ ತುಂಡು ತೆಗೆಸು. ಮಳೆ ಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ಕಟ್ಟಾದರೆ ಆ ತುಂಡಿನ ಮೂಲಕ ಕಾರಿನ ಬಾಡಿಗೇ 230 ವೋಲ್ಟ್ ಬರಬಹುದು. ಒದ್ದೆ ಕೈಯಲ್ಲಿ ಬಾಗಿಲು ತೆಗೆಯುವವರ ಗತಿ ಏನು? ನಮ್ಮ ಕಡೆ ಒಣ ನೆಲ, ಬೇಸಿಗೆಯಲ್ಲಿ ಹಳೇ ಅರ್ಥ್ ಗುಂಡಿ ಕೆಲಸಕ್ಕೇ ಬರಲ್ಲ. ಹೊಸ ಅರ್ಥ್ ಹಾಕಿಸಿ, ಅರ್ಥ್ ಅಳೆಯುವ ಮೀಟರಿನಲ್ಲಿ ಅಳೆಸು.

ಕ್ಯಾತ್ಸಂದ್ರದ ಅಕ್ಕ: ಶೆಡ್ಡಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡಲಾ?

ಉತ್ತರ: ಇಡಿ. ಸಾಕೆಟ್ ಹೊತ್ತಿಕೊಂಡರೆ ಮೇನ್ ಆಫ್ ಮಾಡಿ ಎಬಿಸಿ ಪೌಡರ್ ಹೊಡೆಯಬಹುದು. ಆದರೆ ಕಾರಿನ ಅಡಿಯಿಂದ ಹೊಗೆ, ಸೀಟಿ ಹೊಡೆದಂಥ ಸದ್ದು ಬಂದರೆ ಹತ್ತಿರ ಹೋಗಲೇಬೇಡಿ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು 112ಕ್ಕೆ ಫೋನ್ ಮಾಡಿ, ಎಲೆಕ್ಟ್ರಿಕ್ ಕಾರು ಅಂತ ಮೊದಲೇ ಹೇಳಿ. ಹೊಗೆ ವಿಷ. ಬ್ಯಾಟರಿ ಬೆಂಕಿಯನ್ನು ಪೌಡರ್ ತಣಿಸಲ್ಲ, ಗಂಟೆಗಟ್ಟಲೆ ನೀರು ಬೇಕು. ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು.

ಇನ್ನೊಂದು ಕೇಳಬೇಕಿತ್ತು. ಶೆಡ್ಡಿನ ಮೂಲೆಯಲ್ಲಿ ತೆಂಗಿನ ಮಟ್ಟೆ, ಕಾಯಿ ಸಿಪ್ಪೆ ಒಟ್ಟಿದ್ದೀರಾ?

ಅಕ್ಕ: ಸಾಕೆಟ್ಟಿನ ಕೆಳಗೇ ಇದೆ. ಒಲೆಗೆ ಅಂತ.

ಉತ್ತರ: ಅದನ್ನು ಇವತ್ತೇ ಹಿತ್ತಲಿಗೆ ಸಾಗಿಸಿ. ಹೊಸ ಲೈನ್ ಆಗುವವರೆಗೆ ಮಗ ಹೈವೇ ಕಡೆಯ ಪಬ್ಲಿಕ್ ಚಾರ್ಜರಿನಲ್ಲಿ ಹಾಕಿಕೊಂಡು ಬರಲಿ. ಲೈನ್ ಆದ ಮೊದಲ ರಾತ್ರಿ, ಒಂದು ಗಂಟೆ ಚಾರ್ಜ್ ಆದ ಮೇಲೆ ಎಂಸಿಬಿ ಇಳಿಸಿ ಪ್ಲಗ್ಗಿನ ಹಿಂಭಾಗ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ನನಗೆ ಫೋಟೋ ಕಳಿಸಿ.