ಸಹಾಯ ಬೇಕು: ಚಳಿ ಬಿದ್ದಾಗಿನಿಂದ ಕಾರಿನ ವೈರಿಂಗ್‌ನಲ್ಲಿ ತೊಂದರೆ

ಮಾನ್ಯರೇ, ಬೆಳಗಾವಿಯಲ್ಲಿ ಚಳಿ ಹೆಚ್ಚಿದಾಗಿನಿಂದ ನಮ್ಮ ಮನೆಯ ಹಳೆಯ ಡೀಸೆಲ್ ಕಾರು ಬೆಳಿಗ್ಗೆ ಕೀಲಿ ತಿರುಗಿಸಿದರೆ ‘ಟಕ್ ಟಕ್’ ಎಂದಷ್ಟೇ ಸದ್ದು ಮಾಡುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ, ಎಂಜಿನ್ ಶುರುವಾದ ಮೇಲೂ ಎಡಗಡೆಯ ಪವರ್ ವಿಂಡೋ ಅರ್ಧಕ್ಕೇ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಎಲ್ಲವೂ ಸರಿ.

ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುವುದೂ ಆಯಿಲ್ ಮಂದವಾಗುವುದೂ ಸಹಜವೇ, ಆದರೆ ಮಲ್ಟಿಮೀಟರ್ ಹಿಡಿದು ನೋಡಿದಾಗ ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್, ಎಂಜಿನ್ ಓಡುವಾಗ 14.1 ವೋಲ್ಟ್ ತೋರಿಸುತ್ತದೆ. ಕೀಲಿ ತಿರುಗಿಸುವಾಗಲೂ ಅದು 11ಕ್ಕಿಂತ ಕೆಳಗಿಳಿಯುವುದಿಲ್ಲ. ಟರ್ಮಿನಲ್ ಮೇಲಿನ ಬಿಳಿ ಪುಡಿ ತೊಳೆದಾಗಿದೆ, ಫ್ಯೂಸ್‌ಗಳು ಚೆನ್ನಾಗಿವೆ.

ಗ್ಯಾರೇಜಿನವರು ಹೊಸ ಬ್ಯಾಟರಿಯನ್ನೇ ಹಾಕಿಸಿ ಎನ್ನುತ್ತಾರೆ (ಅವರಿಗೆ ಅದು ಸುಲಭ). ಬ್ಯಾಟರಿಯ ಅಳತೆ ಸರಿಯಾಗಿಯೇ ಇರುವುದರಿಂದ ನನಗೆ ಬಾಡಿ ಅರ್ಥಿಂಗ್ ವೈರಿನ (ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸುವ ತಂತಿ) ಮೇಲೆಯೇ ಸಂಶಯ. ಆ ವೈರಿನಲ್ಲಿ ವೋಲ್ಟೇಜ್ ಎಷ್ಟು ಕಳೆದುಹೋಗುತ್ತಿದೆ ಎಂಬುದನ್ನು ಮನೆಯಲ್ಲಿಯೇ ಅಳೆಯುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.